ಮೂರು ಪರದೆಗಳಲ್ಲಿ ಭಾಯಿಯ ಹೆಸರು

ಆರ್.ಟಿ. ನಗರ
ಸೋಮವಾರ, 14 ನವೆಂಬರ್ 1988

ಪ್ರೀತಿಯ ಭಾಬಿ,

ಸಲಾಂ. ತವರೂರು ಮಾಕಳಿಗೆ ಹೋದ ಮೇಲೆ ನಿಮ್ಮ ಕೆಮ್ಮು ಇಳಿಯಿತೇ? ಊಟ ಸೇರುತ್ತಿದೆಯೇ? ನಿಮ್ಮ ಅಮ್ಮಿಯ ಮಂಡಿನೋವು ಹೇಗಿದೆ? ಮನೆಯಲ್ಲಿ ಉರ್ದುವಿನಲ್ಲೇ ಹರಟಿದರೂ ಕಾಗದದ ಮೇಲೆ ನನಗೆ ಕನ್ನಡವೇ ಬರುವುದು. ನೀವೂ ಕನ್ನಡ ಶಾಲೆಯಲ್ಲೇ ಓದಿದ್ದು ನನ್ನ ಅದೃಷ್ಟ.

ಇಂದು ಬೆಳಿಗ್ಗೆ ನಮ್ಮ ಇನ್‌ಸ್ಟಿಟ್ಯೂಟಿನ ಬೀಗ ತೆಗೆದಾಗ ಒಳಗೆ ಯಾರೂ ಇರಲಿಲ್ಲ, ಆದರೆ ಮೂರು ಕಂಪ್ಯೂಟರುಗಳೂ ಚಾಲೂ ಆಗಿದ್ದವು. ಶನಿವಾರ ಕರೆಂಟು ಹೋದಾಗ ನಾನು ಸ್ವಿಚ್ಚು ಆರಿಸಲು ಮರೆತಿದ್ದೆ. ಕರೆಂಟು ಬಂದೊಡನೆ ಅವು ತಾವಾಗಿಯೇ ಫ್ಲಾಪಿ ಓದಿಕೊಂಡು ಮೊದಲ ಪುಟದಲ್ಲಿ ನಿಂತಿದ್ದವು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮೂರು ಕಡೆ ಹಸಿರು ಅಕ್ಷರ: ಈ ಪ್ರತಿ ಮುಜಫ್ಫರ್ ಅವರದು. ಭಾಯಿ ತೀರಿಕೊಂಡು ಏಳು ತಿಂಗಳಾದ ಮೇಲೂ! ಎರಡು ಹೊಸ ಯಂತ್ರಗಳು ಬಂದು, ಅಬ್ಬಾ ಭಾಯಿಯ ಫ್ಲಾಪಿಯನ್ನು ನಕಲು ಮಾಡಿ ಹಾಕಿದ ದಿನವೇ ನೀವು ಪಾಠ ನಿಲ್ಲಿಸಿ ತವರಿಗೆ ಹೊರಟದ್ದು ಏಕೆಂದು ಬಾಗಿಲಲ್ಲಿ ನಿಂತಾಗ ಅರ್ಥವಾಯಿತು. "ಮೇಡಂ ಯಾವಾಗ್ ಬರ್ತಾರೆ ಅಕ್ಕಾ" ಎಂದು ಹುಡುಗಿಯರು ದಿನವೂ ಪೀಡಿಸುತ್ತಾರೆ. ನಾನು ಪಾಠ ಹೇಳಲು ನಿಂತರೆ ಮೊದಲ ಸಾಲೇ ಮರೆತುಹೋಗುತ್ತದೆ, ನಿಮಗೆ ಗೊತ್ತಲ್ಲ.

ಹೋದ ವಾರ ಕದಿರಪ್ಪ ಬಂದಿದ್ದರು, ಭಾಯಿಗೆ ಆ ಫ್ಲಾಪಿಯಲ್ಲಿನ ಸಾಫ್ಟ್‌ವೇರ್ ಮಾರಿದವರು. "ಏನಮ್ಮಾ ಕುಲ್ಸುಮ್, ಒಂದ್ ಟಿಕೆಟ್‌ನಲ್ಲಿ ಮೂರ್ ಜನಾನ ಬಸ್ ಹತ್ಸಿದ್ದೀರಲ್ಲ!" ಎಂದು ನಕ್ಕವರು ಅಬ್ಬಾರ ಮುಖ ಕಂಡು, ಪರವಾನಗಿ ಪತ್ರ ಓದಿ ನೋಡಿ ಎಂದಷ್ಟೇ ಹೇಳಿ ಹೊರಟರು. ಅವರು ಹೋದ ಮೇಲೆ ಪರವಾನಗಿ ಪತ್ರವನ್ನು ನಾನು ಪರೀಕ್ಷೆಗೆ ಪದ್ಯ ಓದುವಂತೆ ಓದಿದೆ. ಭಾಯಿ ಕೊಂಡದ್ದು ಒಂದು ಯಂತ್ರಕ್ಕೆ ಮಾತ್ರ. ಇನ್ನೆರಡಕ್ಕೆ ಬೇರೆ ಬೇರೆ ಪ್ರತಿ ಕೊಳ್ಳಬಹುದು. ಇಲ್ಲವೇ ಒಬ್ಬರ ಹೆಸರಿನಲ್ಲಿ ಒಂದೇ ಅರ್ಜಿ ಹಾಕಿ ಎರಡಕ್ಕೂ ಒಟ್ಟಿಗೆ ಅನುಮತಿ ಪಡೆಯಬಹುದು. ಎರಡೂ ಬೇಡವೆಂದರೆ ಆ ಒಂದು ಫ್ಲಾಪಿಯನ್ನೇ ಸರದಿಯ ಮೇಲೆ ಬಳಸಬೇಕು, ಮಿಕ್ಕ ಯಂತ್ರಗಳು ಸುಮ್ಮನೆ ಕೂರಬೇಕು. ಮರುದಿನ ಕದಿರಪ್ಪ ಬಂದಾಗ ಅಬ್ಬಾ ಒಟ್ಟು ಅರ್ಜಿಯೇ ಸರಿ ಎಂದರು. "ಹೆಸರು ಅವನದೇ ಇರ್ಲಿ." ಕದಿರಪ್ಪ ಮೆಲ್ಲಗೆ, "ಸಾಬ್ರೇ, ಹೆಸರು ಯಾರ್ದೋ ಅವ್ರೇ ಸಹಿ ಹಾಕ್ಬೇಕಲ್ಲ" ಎಂದರು. ಅಬ್ಬಾ ಅವರು ತಂದಿದ್ದ ಅರ್ಜಿಯನ್ನು ತೆಗೆದುಕೊಂಡು ಮೇಜಿನೊಳಗೆ ಇಟ್ಟರು.

ಇಂದು ಯಂತ್ರಗಳನ್ನು ಆರಿಸಿ ಆ ಮೇಜು ಒರೆಸುವಾಗ, ಹಳೆಯ ಹಾಳೆಗಳ ಹಿಂಬದಿಯಲ್ಲಿ ಭಾಯಿಯ ಸಹಿ ಕಂಡಿತು. ಹಾಳೆಯ ತುಂಬ ಅದೇ. ಮೊದಮೊದಲು ನಡುಗಿದ ಗೆರೆ, ಅಬ್ಬಾರ ಕೈಯದೆಂದು ಗೊತ್ತಾಗುವಂಥದ್ದು. ಕೊನೆಯ ಸಾಲಿನ ಹೊತ್ತಿಗೆ ಬಾಲ ಎಳೆದ ರೀತಿಯೂ ಭಾಯಿಯದೇ. ಪರದೆಗಳಿಗಿಂತ ಅದಕ್ಕೇ ನಾನು ಹೆಚ್ಚು ಹೆದರಿದೆ, ಭಾಬಿ.

ಅಮ್ಮಿಗೆ ನನ್ನ ಸಲಾಂ ಹೇಳಿ. ಅಲ್ಲಾಹ್ ನಿಮಗೆ ನೆಮ್ಮದಿ ಕೊಡಲಿ.

ನಿಮ್ಮ ನಾದಿನಿ,
ಕುಲ್ಸುಮ್

ವಿ.ಸೂ.: ಮೇಲೆಯೇ ಬರೆಯಲು ಧೈರ್ಯ ಸಾಲಲಿಲ್ಲ. ಆ ಹಾಳೆಗಳನ್ನು ಹರಿದು ಹಾಕಿದೆ. ಎರಡು ನಕಲುಗಳನ್ನೂ ಅಳಿಸಿದೆ. ಅಬ್ಬಾ ಬಂದ ಮೇಲೆ ನಾನೇ ಹೇಳುತ್ತೇನೆ. ಆ ಎರಡು ಯಂತ್ರಗಳ ಅರ್ಜಿಯಲ್ಲಿ ಫಖ್ರುನ್ನೀಸಾ ಎಂದು ನಿಮ್ಮ ಹೆಸರು ಬರೆದು ಇದರೊಳಗೆ ಇಟ್ಟಿದ್ದೇನೆ. ಸಹಿ ನೀವೇ ಹಾಕಿ, ನೀವೇ ತನ್ನಿ. ಅರ್ಜಿ ಒಯ್ಯಲು ಶನಿವಾರ ಕದಿರಪ್ಪ ಬರುತ್ತಾರೆ. ಭಾಯಿಯ ಫ್ಲಾಪಿಯನ್ನು ಅಬ್ಬಾ ಕೂರುವ ಮೊದಲನೇ ಯಂತ್ರದಲ್ಲಿ ಹಾಗೇ ಬಿಟ್ಟಿದ್ದೇನೆ. ಅಲ್ಲಿ ಅದಕ್ಕೆ ಅನುಮತಿ ಇದೆ.