‘ತುಟಿರಂಗು’ ತಟ್ಟೆಯ ಎರಡನೇ ಬದಿ

ಹುಬ್ಬಳ್ಳಿ
ಕ್ರಿ.ಶ. ೨೨೧೯, ನಡುತಿಂಗಳ ಹುಣ್ಣಿಮೆ

ಪ್ರಿಯ ರೆಜಿನಾಲ್ಡ್ ಅವರೇ,

ಈ ತಿಥಿ ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬಿಸಿಲಿಗೆ ಅಂಜಿ ಊರೆಲ್ಲ ಮನೆಯೊಳಗೇ ಉಳಿಯುವ ದಿನಗಳಿಗೆ ನಾವು ನಡುತಿಂಗಳೆಂದು ಹೆಸರಿಟ್ಟು, ವರ್ಷಕ್ಕೆ ಹದಿಮೂರನೆಯದಾಗಿ ಸೇರಿಸಿಕೊಂಡಿದ್ದೇವೆ. ನನ್ನ ಮಾತುಗಳೂ ಅಲ್ಲಲ್ಲಿ ನಿಮಗೆ ಅಪರಿಚಿತವೆನಿಸಬಹುದು, ಮನ್ನಿಸಿ. ನನಗಿಂತ ಇನ್ನೂರು ವರ್ಷ ಹಿಂದೆ ಬಾಳಿದ ನೀವು ಇದನ್ನು ಓದಲಾರಿರಿ ಎಂಬುದೂ ಗೊತ್ತು. ಆದರೂ ನನ್ನ ಅಣ್ಣ ಫಕೀರೇಶನ ವಿಷಯವನ್ನು ನಿಮಗಲ್ಲದೆ ಇನ್ನಾರಿಗೆ ಹೇಳಲಿ?

ನಮ್ಮಲ್ಲಿ ಈಗ ಹಾಡು ಕಿವಿಬೀಜದಲ್ಲಿ ಬರುತ್ತದೆ. ಅಕ್ಕಿಕಾಳಿನಷ್ಟು ಯಂತ್ರ; ಹುಟ್ಟಿದ ವರ್ಷವೇ ಕಿವಿಯೊಳಗೆ ಇಡುತ್ತಾರೆ. ಒಬ್ಬರ ಹಾಡು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಮದುವೆಮನೆಯಲ್ಲಿ ನೂರು ಜನ ನೂರು ತಾಳಕ್ಕೆ ತಲೆದೂಗುತ್ತಾರೆ. ನಿಮ್ಮ ಕಾಲದ ಧ್ವನಿಗಳೆಲ್ಲ ಮಹಾಮರೆವಿನಲ್ಲಿ, ಅಂದರೆ ಜಗತ್ತಿನ ನೆನಪಿನ ಯಂತ್ರಗಳು ಒಟ್ಟಿಗೆ ಕೆಟ್ಟ ವರ್ಷದಲ್ಲಿ, ಅಳಿಸಿಹೋದವು. ಗ್ಲಾಮ್-ಪಂಕ್ ಎಂದು ನೀವು ಕರೆಯುತ್ತಿದ್ದ, ಮಿಂಚುಬಟ್ಟೆ ತೊಟ್ಟು ಅಬ್ಬರಿಸುವ ಆ ಸಂಗೀತವೂ ಹೋಯಿತು. ನೀವು ಹಾಡುತ್ತಿದ್ದ ‘ಬಣ್ಣದ ಬ್ಲೇಡು’ ತಂಡದಿಂದ ಉಳಿದದ್ದು ಒಂದೇ ಒಂದು ವಿನೈಲ್ ತಟ್ಟೆ: ಎರಡನೇ ಆಲ್ಬಮ್ ‘ತುಟಿರಂಗು’. ಅದು ನಮ್ಮ ಅಜ್ಜಿಯ ಟ್ರಂಕಿನಲ್ಲಿತ್ತು, ಕೈಯಿಂದ ತಿರುಗಿಸಿ ತಟ್ಟೆ ನುಡಿಸುವ ಪೆಟ್ಟಿಗೆಯ ಜೊತೆಗೆ.

ಹೊದಿಕೆಯ ಮೇಲೆ ನಿಮ್ಮ ಚಿತ್ರ. ಬೆಳ್ಳಿ ಜಾಕೆಟ್ಟು, ಹರಿದ ಕಾಲ್ಚೀಲ, ನೇರಳೆ ತುಟಿ. ಅದನ್ನು ನೋಡಿ ಅಣ್ಣನೂ ಚಿಕ್ಕವನಿದ್ದಾಗ ನೇರಳೆ ಹಣ್ಣನ್ನು ತುಟಿಗೆ ತಿಕ್ಕಿಕೊಂಡು ಎರಡನೇ ಬದಿಯ ಕೊನೆಯ ಹಾಡು ಹಾಡುತ್ತಿದ್ದ: ‘ಕನ್ನಡಿಗೊಂದು ಮುತ್ತು’. ಗಂಡಸೊಬ್ಬ ಕನ್ನಡಿಯಲ್ಲಿ ತನ್ನನ್ನೇ ಮೊದಲ ಸಲ ಚೆಲುವನೆಂದು ಕಾಣುವ ಹಾಡು. ಒಂದು ಮಧ್ಯಾಹ್ನ ಅಪ್ಪ ಬಂದು ನೋಡಿದರು. ಅಣ್ಣನಿಗೆ ಹೊಡೆಯಲಿಲ್ಲ. ತಟ್ಟೆ ತೆಗೆದು, ಮೊಳೆಯಿಂದ ಆ ಹಾಡೊಂದನ್ನೇ ಗೀರಿದರು, ನಿಧಾನವಾಗಿ, ನಮ್ಮೆದುರಿಗೇ.

“ಈಗ ಹಾಡು, ನೋಡೂಣು,” ಅಂದರು.

ಅಣ್ಣ ಮತ್ತೆ ಹಾಡಲಿಲ್ಲ.

ಅರವತ್ತು ದಾಟಿದ ಮೇಲೆ ಅವನ ಕಿವಿಗಳು ಸೋತವು, ಕಿವಿಬೀಜವೂ ಸುಮ್ಮನಾಯಿತು. ಆಗ ಅವನಿಗೆ ಒಂದೇ ಹಟ: ಆ ತಟ್ಟೆಯನ್ನು ಮತ್ತೆ ಹೊರತರಬೇಕು. ಪಾಳುಬಿದ್ದ ಮನೆಗಳಿಂದ ಪಿವಿಸಿ ನೀರಿನ ಪೈಪುಗಳನ್ನು ಕಿತ್ತು ತಂದೆವು, ಅದೂ ವಿನೈಲೇ. ಹಳೆಯ ತಟ್ಟೆಯ ಧ್ವನಿಯನ್ನು ಹೊಸ ಅಚ್ಚಿಗೆ ಕೊರೆದು, ಪೈಪು ಕರಗಿಸಿ ಒತ್ತಿದೆವು. ಕೊನೆಯ ಹಾಡಿನ ಜಾಗದಲ್ಲಿ ಖಾಲಿ ಗೆರೆ ಬಿಡಬೇಕಾಯಿತು. ನೀನೇ ಹಾಡಿ ತುಂಬು ಎಂದು ಬರೆದು ತೋರಿಸಿದೆ.

“ಅವರ ತಟ್ಟ್ಯಾಗ ನನ್ನ ದನಿ ಯಾಕವ್ವ?” ಅಂದ.

ಮೊದಲ ತಟ್ಟೆ ಸಿದ್ಧವಾದ ದಿನ ಓಣಿಯವರನ್ನೆಲ್ಲ ಕರೆದೆವು. ಗಿಟಾರು ಕಿರುಚಿದೊಡನೆ ಜನ ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಮನೆಯ ಗಂಗವ್ವ “ನಿಮಗೂ ಇದ ಕೇಳತೈತೇನ್ರಿ? ನಿಮಗೂ?” ಎಂದು ಒಬ್ಬೊಬ್ಬರನ್ನೇ ಕೇಳುತ್ತ ಅತ್ತುಬಿಟ್ಟಳು. ಅಣ್ಣ ಬೆಳ್ಳಿ ಕಾಗದದ ಜಾಕೆಟ್ಟು ತೊಟ್ಟು, ತುಟಿಗೆ ಬಣ್ಣ ಹಚ್ಚಿ, ಪೆಟ್ಟಿಗೆಯ ಮೇಲೆ ಅಂಗೈ ಊರಿ ಕುಳಿತಿದ್ದ. ಎರಡನೇ ಬದಿ ಮುಗಿಯುತ್ತ ಬಂದಾಗ ಅಂಗೈಯಡಿ ಪೆಟ್ಟಿಗೆಯ ಕಂಪನ ನಿಂತಿತು; ಖಾಲಿ ಗೆರೆ ಬಂದಿತ್ತು. ಅವನು ಕಣ್ಣು ಮುಚ್ಚಿದ. ಹಾಡತೊಡಗಿದ. ತನ್ನ ದನಿ ತನಗೇ ಕೇಳದು. ಶ್ರುತಿ ಎತ್ತಲೋ ಹೋಯಿತು. ಆದರೆ ಒಂದು ಮಾತಿಗೂ ತಡವರಿಸಲಿಲ್ಲ. ಐವತ್ತು ವರ್ಷ ಆ ಹಾಡನ್ನು ಬಾಯೊಳಗೇ ಇಟ್ಟುಕೊಂಡಿದ್ದನೆಂದು ನನಗೆ ಆಗ ತಿಳಿಯಿತು. ಅದನ್ನು ಹಿಡಿದಿಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

“ಛಲೋ ಬಂತೇನ?” ಎಂದು ನನ್ನ ಮುಖ ನೋಡಿದ.

ತಲೆಯಾಡಿಸಿದೆ. ಮಳೆ ಬೀಳುವ ಮುನ್ನ ಅವನು ತೀರಿಕೊಂಡ.

ಆ ಹಾಡಿನ ಮೊದಲ ಎರಡು ಸಾಲು ನನಗೆ ನೆನಪಿವೆ. ಮೂರನೆಯದು ಎಷ್ಟು ಹೆಣಗಿದರೂ ಬಾರದು. ರೆಜಿನಾಲ್ಡ್ ಅವರೇ, ‘ತುಟಿರಂಗು’ ಇನ್ನೂ ಅಚ್ಚಿಗೆ ಹೋಗಿರದಿದ್ದರೆ, ದಯವಿಟ್ಟು ಹೊದಿಕೆಯ ಹಿಂದೆ ಮಾತುಗಳನ್ನೂ ಮುದ್ರಿಸಿ. ಆ ಹಾಡನ್ನು ಎರಡು ಬದಿಗೂ ಹಾಕಿ. ಒಂದು ಮೊಳೆಗೆ ಎರಡೂ ಸಿಗಲಿಕ್ಕಿಲ್ಲ.

ನಮ್ಮ ತಟ್ಟೆ ಈಗ ಊರೂರಿಗೆ ಹೋಗುತ್ತಿದೆ. ಆ ಖಾಲಿ ಗೆರೆ ಬಂದಾಗ ಜನ ತಮಗೆ ತೋಚಿದ್ದನ್ನು ಹಾಡುತ್ತಾರಂತೆ. ಒಳ್ಳೆಯದೇ. ನಾನು ಮಾತ್ರ ಅಲ್ಲಿಗೆ ಬರುವ ಮೊದಲೇ ಸೂಜಿ ಎತ್ತಿಬಿಡುತ್ತೇನೆ.

ಫಕೀರೇಶನ ತಂಗಿ,
ನಾಗವೇಣಿ