ನನಗೂ ಒಂಟಿ ಕಂದಾಯ ಹಾಕಿಸಿ

ನಮ್ಮೂರ ಪಂಚಾಯಿತಿಯ ಚೇರ್ಮನ್ ಆಗಿರುವ ಮಾನ್ಯರೇ,

ನನಗೆ ಮದುವೆಯಾಗಿಲ್ಲ. ಮಕ್ಕಳೂ ಇಲ್ಲ. ಹೀಗಿದ್ದರೂ ತಾವು ನನ್ನನ್ನು ಆರು ಮಕ್ಕಳ ತಂದೆಯೆಂದು ಊರಿಗೆಲ್ಲ ಸಾರಿ, ನನ್ನ ಮನೆ ಕಂದಾಯವನ್ನು ಪೂರ್ತಿ ಮಾಫಿ ಮಾಡಿದ್ದೀರಿ. ಈ ಘೋರ ಅನ್ಯಾಯವನ್ನು ಸರಿಪಡಿಸಿ, ಮದುವೆಯಾಗದವರ ಮೇಲೆ ತಾವು ಹೊಸದಾಗಿ ಹೊರಿಸಿರುವ ಒಂಟಿ ಕಂದಾಯವನ್ನು ನನ್ನ ಮೇಲೂ ಹೊರಿಸಬೇಕೆಂದು ಕೇಳಿಕೊಳ್ಳುವುದಕ್ಕೆ ಈ ಪತ್ರ. ಊರಿನವರಿಗೆಲ್ಲ ಅರ್ಜಿ ಬರೆದುಕೊಡುವವನು ನಾನೇ ಎಂಬುದು ತಮಗೆ ಗೊತ್ತು. ಅವೆಲ್ಲವೂ ಕಂದಾಯ ಇಳಿಸಿ ಎನ್ನುವ ಅರ್ಜಿಗಳು. ಹಾಕಿ ಎನ್ನುವ ಅರ್ಜಿ ಬರೆಯುತ್ತಿರುವುದು ಇದೇ ಮೊದಲು, ಒಕ್ಕಣೆಯಲ್ಲಿ ತಪ್ಪಿದ್ದರೆ ಮನ್ನಿಸಬೇಕು.

ಇದನ್ನು ಕಚೇರಿಗೆ ಬಂದು ಗುಟ್ಟಾಗಿ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಬಂದೆ, ಹೇಳಿದೆ, ಏನಾಯಿತೆಂದು ಮುಂದೆ ಬರೆದಿದ್ದೇನೆ. ಅಲ್ಲದೆ ತಾವು ನನ್ನ ಸಂಸಾರದ ಸಮಾಚಾರವನ್ನು ಸಂತೆಯಲ್ಲಿ ತಮಟೆ ಬಡಿಸಿ ಸಾರಿದ್ದೀರಿ. ಹಾಗಾಗಿ ನಾನೂ ಇದನ್ನು ಸಂತೆಮಾಳದ ಹುಣಸೆಮರಕ್ಕೆ ಹೊಡೆಯುತ್ತಿದ್ದೇನೆ. ಮೊಳೆ ನನ್ನ ಸ್ವಂತದ್ದು, ಪಂಚಾಯಿತಿಗೆ ಖರ್ಚಿಲ್ಲ.

ಕಳೆದ ತಿಂಗಳು ಚಾವಡಿಯ ಮುಂದೆ ತಾವು ಮಾಡಿದ ಭಾಷಣವನ್ನು ನಾನು ಮುಂದಿನ ಸಾಲಿನಲ್ಲೇ ಕೂತು ಕೇಳಿದೆ. ಮಕ್ಕಳನ್ನು ಹೆತ್ತವರು ಊರಿಗೆ ನಾಳಿನ ಜನರನ್ನು ಕೊಡುತ್ತಾರೆ, ಆದ್ದರಿಂದ ಆರು ಮಕ್ಕಳೋ ಅದಕ್ಕಿಂತ ಹೆಚ್ಚೋ ಇರುವ ಮನೆಗೆ ಕಂದಾಯ ಬೇಡ, ಆ ನಷ್ಟವನ್ನು ಮದುವೆಯಾಗದವರೂ ಮಕ್ಕಳಿಲ್ಲದವರೂ ವರ್ಷಕ್ಕೆ ಒಂದೂವರೆ ರೂಪಾಯಿ ಹೆಚ್ಚಿಗೆ ಕೊಟ್ಟು ತುಂಬಲಿ, ಅಂಥವರಿಗೆ ಖರ್ಚೇನಿದೆ ಎಂದು ಅಪ್ಪಣೆ ಕೊಡಿಸಿದಿರಿ. ಬಹಳ ಚೆನ್ನಾಗಿತ್ತು. ತಮಗೆ ಎಂಟು ಮಕ್ಕಳು, ಒಂದು ಅಕ್ಕಿ ಗಿರಣಿ. ಕೆರೆ ಬೀದಿಯಲ್ಲಿ ಗಂಡ ಸತ್ತು ನಾಲ್ಕು ಮಕ್ಕಳನ್ನು ಕೂಲಿ ಮಾಡಿ ಸಾಕುತ್ತಿರುವ ಹೆಂಗಸಿಗೆ ಮಾಫಿ ಇಲ್ಲ, ಪಾಪ, ಎರಡು ಮಕ್ಕಳು ಕಡಿಮೆ ಬಿದ್ದವು. ಗಿರಣಿಯಿರುವ ತಮ್ಮ ಮನೆಗೆ ಇದೆ. ಲೆಕ್ಕವನ್ನು ಆರಕ್ಕೇ ಯಾಕೆ ನಿಲ್ಲಿಸಿದಿರಿ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ, ಆಗ ನನ್ನ ಗಮನವೆಲ್ಲ ಒಂದೂವರೆ ರೂಪಾಯಿಯ ಮೇಲಿತ್ತು.

ಖರ್ಚೇನಿದೆ ಎಂದಿರಲ್ಲ, ಸ್ವಾಮಿ, ಒಬ್ಬನೇ ಇದ್ದಾನೆಂದು ನನ್ನ ಮನೆಯ ಹೆಂಚು ಅರ್ಧವೇ ಸೋರುತ್ತದೆಯೇ? ಒಬ್ಬನ ಮುದ್ದೆಗೆ ಎಸರು ಕಾಯಬೇಕಾದರೂ ಒಲೆ ಸೌದೆ ಕೇಳುವುದಿಲ್ಲವೇ? ಊರ ಬಾವಿಯಿಂದ ನಾನು ಸೇದುವುದು ದಿನಕ್ಕೆ ಎರಡು ಕೊಡ, ತಮ್ಮ ಮನೆಗೆ ಹೋಗುವ ಕೊಡಗಳನ್ನು ಎಣಿಸುತ್ತಾ ನಿಂತರೆ ನನ್ನ ಕೆಲಸ ಕೆಡುತ್ತದೆ. ನಮ್ಮ ಬೀದಿಯ ಲಾಂದ್ರದ ಗಾಜನ್ನು ಕಲ್ಲು ಹೊಡೆದು ಒಡೆದವರು ತಾವು ಊರಿಗೆ ಕೊಟ್ಟ ನಾಳಿನ ಜನರಲ್ಲಿ ಮೂರನೆಯವರು. ಹೊಸ ಗಾಜಿಗೆ ಹಣ ಕೊಡಬೇಕಾದವರು ಗಾಜು ಒಡೆಯಲು ಮಕ್ಕಳೇ ಇಲ್ಲದವರು! ಮಕ್ಕಳನ್ನು ಸಾಕುವುದು ಕಷ್ಟವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನನಗೆ ವಯಸ್ಸಾದಾಗ ಊರು ನಡೆಸುವವರು ಅವರೇ, ಅದೂ ನಿಜ. ಕಷ್ಟದಲ್ಲಿರುವ ಮನೆಗೆ ಮಾಫಿ ಕೊಡಿ, ಸಂತೋಷ. ಆ ಭಾರವನ್ನು ಇದ್ದವರ ಮೇಲೆ ಹಾಕಿ, ಇಲ್ಲದವರ ಮೇಲೆ ಯಾಕೆ? ಇಲ್ಲದವರು ಎಂದರೆ ಹಣವಿಲ್ಲದವರು ಎಂದು ಇದುವರೆಗೆ ತಿಳಿದಿದ್ದೆ, ಮಕ್ಕಳಿಲ್ಲದವರು ಎಂಬ ಅರ್ಥವನ್ನು ತಾವು ಹೊಸದಾಗಿ ಸೇರಿಸಿದ್ದೀರಿ.

ಇರಲಿ. ಇನ್ನು ನಾನು ಆರು ಮಕ್ಕಳನ್ನು ಪಡೆದ ಕಥೆ.

ಪಾತ್ರೆಗಳಿಗೆ ತವರದ ಕಲಾಯಿ ಹಾಕುವುದು ನನ್ನ ಕಸುಬು. ತಮ್ಮ ಮನೆಯ ಹಿತ್ತಾಳೆ ಕೊಳಗಗಳ ಒಳಮೈ ಇಂದಿಗೂ ಬೆಳ್ಳಗಿದ್ದರೆ ಅದು ನನ್ನ ಕೈಯದು. ಈ ಯುದ್ಧ ಶುರುವಾದ ಮೇಲೆ ತವರ ಸಿಗುವುದೇ ಕಷ್ಟವಾಗಿ, ಕೆಲಸ ಕುಂಟತೊಡಗಿದ್ದರಿಂದ, ಬಂಡೂರಿಗೆ ಹೋಗಿ ಆರು ಕುರಿಮರಿ ತಂದೆ. ಬಂಡೂರು ಮರಿಯ ಚೆಂದ ತಮಗೆ ಹೇಳಬೇಕಾಗಿಲ್ಲ, ಗಿಡ್ಡ ಕಾಲು, ತುಂಬಿದ ಮೈ, ಯಾವ ಕಡೆಯಿಂದ ನೋಡಿದರೂ ಊಟ ಮಾಡಿ ಎದ್ದ ಹಾಗಿರುತ್ತವೆ. ಬಕ್ರೀದಿಗೆ ಮಾರೋಣವೆಂದು ತಂದವನು ಒಂದು ವಾರದಲ್ಲಿ ಹೆಸರಿಟ್ಟು ಕೆಟ್ಟೆ: ಸುಲ್ತಾನ, ನವಾಬ, ವಜೀರ, ಬಾದಷಾ, ಚಾಂದನಿ, ಮೋತಿ. ಹಗಲೆಲ್ಲ ನಾನು ಬೆಂಕಿಯ ಮುಂದಿರುವುದರಿಂದ ಅವನ್ನು ನೋಡಿಕೊಳ್ಳುವವರು ಎದುರು ಮನೆಯ ಅಂಕಮ್ಮಕ್ಕ. ಗಂಡ ಹೋಗಿ ಬಹಳ ಕಾಲವಾಯಿತು, ಮಕ್ಕಳಾಗಲಿಲ್ಲ, ಸೊಪ್ಪು ಬೆಳೆದು ಮಾರುತ್ತಾರೆ. ಸೊಪ್ಪಿನಲ್ಲಿ ಒಳ್ಳೆಯದನ್ನು ಮರಿಗಳಿಗೆ ಹಾಕಿ ಮಿಕ್ಕಿದ್ದನ್ನು ಸಂತೆಗೆ ಒಯ್ಯುತ್ತಾರೆಂದು ಗಿರಾಕಿಗಳ ದೂರಿದೆ.

ತಮ್ಮ ಗುಮಾಸ್ತರಾದ ಕೆಂಪಸಿದ್ದಯ್ಯನವರು ಮನೆ ಮನೆ ಎಣಿಸುತ್ತಾ ಬಂದಾಗ ನಾನು ಬೆಂಕಿಗೆ ಗಾಳಿ ಊದುವ ತಿದಿ ಒತ್ತುತ್ತಿದ್ದೆ. ಕಾದ ಪಾತ್ರೆಗೆ ನವಸಾಗರ ಹಾಕಿದಾಗ ಏಳುವ ಹೊಗೆ ಎಂಥದೆಂದು ಒಮ್ಮೆ ಮೂಸಿದವರಿಗೆ ಗೊತ್ತು. ಅವರು ಒಳಗೆ ಬರಲಿಲ್ಲ. ಟವೆಲಿನಲ್ಲಿ ಮೂಗು ಮುಚ್ಚಿಕೊಂಡು ಬೀದಿಯಿಂದಲೇ, "ಮಕ್ಳು ಮರಿ ಎಷ್ಟಯ್ಯಾ?" ಎಂದು ಕೂಗಿದರು. ಮಕ್ಕಳೆಲ್ಲಿಂದ ಬರಬೇಕು ಸ್ವಾಮಿ, ಮರಿ ಆರಿವೆ ಎಂದು ನಾನೂ ಕೂಗಿದೆ. ಮೊದಲರ್ಧವನ್ನು ತಿದಿಯ ಸದ್ದು ನುಂಗಿತು, ಆರು ಮಾತ್ರ ಅವರ ಕಿವಿಗೆ ಬಿತ್ತು. ಹೆಸರು ಕೇಳಿದರು, ಹೇಳಿದೆ. ಕುರಿಗೂ ಕಂದಾಯ ಹಾಕುವ ಕಾಲ ಬಂತೆಂದುಕೊಂಡೆ. ವಯಸ್ಸು ಕೇಳಿದರು, ಎಲ್ಲವೂ ಮೂರು ತಿಂಗಳಿಂದ ಐದು ತಿಂಗಳು ಎಂದೆ. ಒಬ್ಬಳೇ ತಾಯಿಯೋ ಎಂದು ಕೇಳಿದರು. ಇಲ್ಲ ಸ್ವಾಮಿ, ಬೇರೆ ಬೇರೆ ತಾಯಂದಿರು, ಎಲ್ಲ ಬಂಡೂರಿನವು ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ತಲೆಯಾಡಿಸಿ, ಬರೆದುಕೊಂಡು ಹೋದರು.

ಮಾನ್ಯರೇ, ಹೆಂಡತಿಯಿಲ್ಲದ ಮನೆಯಲ್ಲಿ, ಐದು ತಿಂಗಳೊಳಗೆ, ಆರು ತಾಯಂದಿರಿಂದ ಆರು ಮಕ್ಕಳು ಎಂದು ಬರೆಯುವಾಗ ಆ ಲೇಖನಿ ಒಂದು ಕಡೆಯಾದರೂ ತಡವರಿಸಬೇಡವೇ? ಬಂಡೂರಿನ ಹೆಣ್ಣುಮಕ್ಕಳ ಮಾನದ ಯೋಚನೆಯಾದರೂ ಬೇಡವೇ?

ನಾನು ಒಂಟಿ ಕಂದಾಯವನ್ನು ಬೈಯುತ್ತಲೇ ಒಳಗೊಳಗೆ ಖುಷಿಯಲ್ಲಿದ್ದೆ, ಯಾಕೆಂದರೆ ಅದನ್ನು ಬಹಳ ದಿನ ಕಟ್ಟುವ ಪ್ರಮೇಯ ನನಗಿರಲಿಲ್ಲ. ಮದ್ದೂರಿನಲ್ಲಿ ಹೊಲಿಗೆ ಕೆಲಸ ಮಾಡುವ ಶಕೀಲಾ ಎಂಬ ಹುಡುಗಿಯೊಂದಿಗೆ ನನ್ನ ಮದುವೆಯ ಮಾತು ನಡೆದಿತ್ತು. ತಂದೆ ತಾಯಿ ಇಲ್ಲದ ಅವಳನ್ನು ಸಾಕಿದವರು ಚಿಕ್ಕಮ್ಮ ಹಬೀಬುನ್ನೀಸಾ. ನನಗೆ ಮೂವತ್ತಾರು ತುಂಬಿದೆ, ಕಲಾಯಿಯ ಹೊಗೆಯಲ್ಲಿ ನಲವತ್ತಾರರಂತೆ ಕಾಣುತ್ತೇನೆ. ಇಂಥವನನ್ನು ಶಕೀಲಾ ಒಮ್ಮೆ ನೋಡಿ ಆಗಲಿ ಎಂದಿದ್ದಳು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ನಂಬಿಕೆ ಬರುವುದಿಲ್ಲ. ಮನೆ ನೋಡುವುದೊಂದು ಬಾಕಿ ಎಂದು ಚಿಕ್ಕಮ್ಮ, ಪೆಟ್ರೋಲು ಸಿಗದೆ ಈಗ ಇದ್ದಿಲಿನಲ್ಲಿ ಓಡುತ್ತಿರುವ ಬಸ್ಸಿನಲ್ಲಿ ಸಂತೆಯ ದಿನವೇ ಬಂದರು. ಮನೆ ಒಪ್ಪಿಗೆಯಾಯಿತು. ಮರಿಗಳೂ ಒಪ್ಪಿಗೆಯಾಗುತ್ತಿದ್ದವೋ ಏನೋ, ಅಂಕಮ್ಮಕ್ಕ ಅವನ್ನು ತೋಟಕ್ಕೆ ಹೊಡೆದುಕೊಂಡು ಹೋಗಿ ಅಲ್ಲೇ ಕಟ್ಟಿ ಸಂತೆಗೆ ಬಂದಿದ್ದರು. ಚಿಕ್ಕಮ್ಮನಿಗೆ ಸಂತೆ ತೋರಿಸುತ್ತಿದ್ದೆ. ಅವರು ಕೊತ್ತಂಬರಿ ಕಟ್ಟೊಂದನ್ನು ಕೈಗೆತ್ತಿಕೊಂಡು ನೋಡುತ್ತಿರುವಾಗ ತಮ್ಮ ತಮಟೆ ಬಂತು. ಆರು ಮಕ್ಕಳ ತಂದೆ ಕಲಾಯಿ ಮಜೀದ್ ಸಾಬರಿಗೆ ಮನೆ ಕಂದಾಯ ಮಾಫಿ ಎಂದು ಸಾರಿತು.

ಚಿಕ್ಕಮ್ಮ ಕೊತ್ತಂಬರಿಯನ್ನು ಮೆಲ್ಲಗೆ ಕೆಳಗಿಟ್ಟರು. ಅವು ಮರಿಗಳು ಎಂದೆ. ಅವರು ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ಕಡಿಮೆಯಾಗುತ್ತದೆ, ಆದರೂ ಬರೆಯುತ್ತೇನೆ: "ಎಲ್ಲರ ಮನೆಯಲ್ಲೂ ಮಕ್ಕಳನ್ನು ಮರಿ ಅಂತಲೇ ಮುದ್ದು ಮಾಡೋದಪ್ಪ." ಅವರು ಬಸ್ಸಿನ ಕಡೆ ಹೊರಟರು.

ಆದರೆ ತಮಟೆ ಅಲ್ಲಿಗೇ ನಿಲ್ಲಲಿಲ್ಲ. ಒಂಟಿ ಕಂದಾಯ ಕಟ್ಟಬೇಕಾದವರನ್ನೂ ಕೂಗಿತು. ಮಕ್ಕಳಿಲ್ಲದ ಅಂಕಮ್ಮ, ಒಂದೂವರೆ ರೂಪಾಯಿ ಎಂದಿತು. ಅಂಕಮ್ಮಕ್ಕ ಅಲ್ಲೇ ಸೊಪ್ಪಿನ ಕುಕ್ಕೆಯ ಮುಂದೆ ಕೂತಿದ್ದರು. ಮಕ್ಕಳಿಲ್ಲವೆಂಬುದು ಊರಿಗೆಲ್ಲ ಗೊತ್ತಿರುವ ಸಂಗತಿಯೇ. ಗೊತ್ತಿರುವುದನ್ನು ತಮಟೆ ಬಡಿದು ಹೇಳಬೇಕಾಗಿತ್ತೇ? ಅವರು ಮಾರದ ಸೊಪ್ಪನ್ನೆಲ್ಲ ಕುಕ್ಕೆಗೆ ತುಂಬಿಕೊಂಡು ಎದ್ದು ಹೋದರು. ನನ್ನ ಮದುವೆ ಮುರಿದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಆಗ ಬಂತು, ಈಗಲೂ ಇದೆ.

ಎರಡು ದಿನ ಕಳೆದು ಮದ್ದೂರಿನಿಂದ ಉತ್ತರ ಬಂತು. ತಂದವನು ಬಸ್ಸಿನ ಕಂಡಕ್ಟರ್. ಬಸ್ಸು ತುಂಬ ಜನರಿರುವಾಗಲೇ ಫುಟ್‌ಬೋರ್ಡಿನಲ್ಲಿ ನಿಂತು ಹೇಳಿದ. "ಆರು ಮಕ್ಳಿದ್ರೂ ಸಾಕ್ತಾಳಂತೆ ಕಣಪ್ಪ ನಿನ್ ಹುಡ್ಗಿ. ಮುಚ್ಚಿಟ್ಟಿದ್ರೆ ಮಾತ್ರ ಬರಾಕಿಲ್ವಂತೆ." ಚಿಕ್ಕಮ್ಮನದು ಬೇರೆ ಷರತ್ತು. ಪಂಚಾಯಿತಿ ಆಡಿದ ಮಾತನ್ನು ಪಂಚಾಯಿತಿಯೇ ಹಿಂದಕ್ಕೆ ತೆಗೆದುಕೊಳ್ಳಬೇಕು, ಈ ತಿಂಗಳು ಮುಗಿಯುವುದರೊಳಗೆ ಒಂಟಿ ಕಂದಾಯ ಕಟ್ಟಿದ ರಸೀದಿ ತೋರಿಸಿದರೆ ನಿಕಾಹ್, ಇಲ್ಲವಾದರೆ ಚನ್ನಪಟ್ಟಣದ ಇನ್ನೊಂದು ಗಂಡು ಕಾದಿದೆಯಂತೆ. ಆ ಬಸ್ಸಿನಲ್ಲಿದ್ದವರೆಲ್ಲ ನನಗೆ ಒಳ್ಳೆಯದಾಗಲೆಂದು ಹಾರೈಸಿದರು. ಹೀಗೆ, ಮೈಸೂರು ಸೀಮೆಯಲ್ಲೇ ಕಂದಾಯ ಕಟ್ಟಲು ಇಷ್ಟು ಆಸೆಪಟ್ಟವನು ನಾನೊಬ್ಬನೇ ಇರಬೇಕು.

ಆರೂ ಮರಿಗಳನ್ನು ಹೊಡೆದುಕೊಂಡು ಕಚೇರಿಗೆ ಬಂದೆ. ಕಣ್ಣಾರೆ ಕಂಡರೆ ತಿದ್ದುತ್ತಾರೆಂದು ನಂಬಿದ್ದೆ. ಕೆಂಪಸಿದ್ದಯ್ಯನವರು ಕನ್ನಡಕ ಏರಿಸಿ, ಸುಲ್ತಾನ ಎಂದು ಕೂಗಿದರು. ಸುಲ್ತಾನ ಬ್ಯಾ ಎಂದ. ನವಾಬ ಎಂದರು, ನವಾಬನೂ ಓಗೊಟ್ಟ. ಆರು ಹೆಸರಿಗೂ ಆರು ಉತ್ತರ ಬಂತು. ಅಂಕಮ್ಮಕ್ಕ ಹಾಗೆ ಪಳಗಿಸಿದ್ದರು. ಗುಮಾಸ್ತರು ಪ್ರತಿ ಹೆಸರಿನ ಮುಂದೂ ಹಾಜರು ಎಂದು ಬರೆದು, ಆರೂ ಇವೆಯಲ್ಲ, ತಕರಾರೇನು ಎಂದರು. ಇವು ಕುರಿ ಎಂದೆ. ಅದು ನಿನ್ನ ಮನೆಯ ವಿಷಯ ಎಂದರು. ಹೆಸರು ಹೊಡೆದುಹಾಕಿ ಎಂದು ಕಾಲು ಹಿಡಿದಾಗ ಅವರು ಹೇಳಿದ ಮಾತನ್ನು ತಮ್ಮ ಅವಗಾಹನೆಗೆ ತರುತ್ತೇನೆ: "ಸತ್ರೆ ತೆಗೀಬೋದು. ದತ್ತು ಓದ್ರೆ ತೆಗೀಬೋದು. ಉಟ್ಟೇ ಇಲ್ಲ ಅನ್ನೋಕೆ ಕಾಲಂ ಇಲ್ಲ ಕಣಯ್ಯ." ಅಷ್ಟರಲ್ಲಿ ತಮ್ಮ ಊಟಕ್ಕೆಂದು ತಂದಿರಿಸಿದ್ದ ಬಾಳೆಯೆಲೆಗಳನ್ನು ವಜೀರನೂ ಮೋತಿಯೂ ತಿಂದು ಮುಗಿಸಿದ್ದರು. ಅಂದು ತಾವು ತಟ್ಟೆಯಲ್ಲಿ ಊಟ ಮಾಡಿದ್ದರ ಕಾರಣ ಇದು. ನಾಳಿನ ಜನ, ಮನ್ನಿಸಬೇಕು.

ಮನೆಗೆ ಬಂದು ಅಂಕಮ್ಮಕ್ಕನ ಜಗಲಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತೆ. ಬಕ್ರೀದಿಗೆ ಮಾರಿದರೆ ಮಕ್ಕಳನ್ನು ಮಾರಿದ್ದಕ್ಕೆ ಪೊಲೀಸರು ಬರುತ್ತಾರೆ, ಮಾರದಿದ್ದರೆ ಆರು ವರ್ಷಕ್ಕೆ ಶಾಲೆಗೆ ಸೇರಿಸೆಂದು ಮೇಷ್ಟರು ಬರುತ್ತಾರೆ ಎಂದು ಗೋಳು ಹೇಳಿಕೊಂಡೆ. ಸಂತೆಯ ದಿನದಿಂದ ಯಾರೊಂದಿಗೂ ಸರಿಯಾಗಿ ಮಾತಾಡದಿದ್ದ ಅಂಕಮ್ಮಕ್ಕ, ಚಾಂದನಿಯ ಕಿವಿ ಸವರುತ್ತಾ ಎಲ್ಲ ಕೇಳಿಸಿಕೊಂಡರು.

"ಒಂದ್ ಕೆಲ್ಸ ಮಾಡ್ಲಾ ಮಜೀದ. ಆರ್ನೂ ನನ್ ಎಸ್ರಿಗೆ ದತ್ತು ಅಂತ ಬರಸ್ಬುಡು. ನಿಂಗೆ ಮಕ್ಳು ಬ್ಯಾಡ, ನಂಗೆ ಬೇಕು."

ನಗುತ್ತಲೇ ಹೇಳಿದರು. ನಾನೂ ನಕ್ಕೆ. ಆಮೇಲೆ ಅವರು ಚಾಂದನಿಯನ್ನು ಮಡಿಲಿಗೆ ಎಳೆದುಕೊಂಡರು, ನಾನು ಮನೆಗೆ ಹೋಗಿ ಕಾಗದ ತಂದೆ.

ಆದಕಾರಣ ಮಾನ್ಯರು ದಯಮಾಡಿ ಸುಲ್ತಾನ ಮೊದಲಾದ ಆರು ಮಂದಿಯನ್ನು ಅಂಕಮ್ಮನವರಿಗೆ ದತ್ತು ಹೋದವರೆಂದು ಇದ್ದ ಕಾಲಮ್ಮಿನಲ್ಲೇ ಬರೆಸಿ, ಆರು ಮಕ್ಕಳ ತಾಯಿಗೆ ಸಲ್ಲಬೇಕಾದ ಮಾಫಿಯನ್ನು ಅವರಿಗೆ ಕೊಡಿಸಬೇಕು. ಮಕ್ಕಳಿಲ್ಲದ ನನ್ನ ಮೇಲೆ ಒಂಟಿ ಕಂದಾಯ ಹಾಕಿ ರಸೀದಿ ಕೊಡಿಸಬೇಕು, ಒಂದೂವರೆ ರೂಪಾಯಿಯನ್ನು ಪತ್ರದ ಜೊತೆ ಮರಕ್ಕೆ ಹೊಡೆಯಲಾಗದ್ದರಿಂದ ಕೈಯಲ್ಲೇ ಹಿಡಿದುಕೊಂಡಿದ್ದೇನೆ. ಮುಂದೆ ದೇವರ ದಯೆಯಿಂದ ನನಗೂ ಶಕೀಲಾಳಿಗೂ ಮಕ್ಕಳಾದರೆ ಬಾಯಲ್ಲಿ ಹೇಳುವುದಿಲ್ಲ. ಎತ್ತಿಕೊಂಡು ಬಂದು ತೋರಿಸುತ್ತೇನೆ, ಕಾಲು ಎರಡೇ ಇವೆಯೇ ಎಂದು ನೋಡಿ ಬರೆದುಕೊಳ್ಳಲಿ.

ಕಡೆಯದಾಗಿ ಒಂದು ಮಾತು, ಇದನ್ನು ಮಾತ್ರ ನಾನು ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಬರುವ ಸಂತೆಯ ದಿನ ಅದೇ ತಮಟೆ, ಅದೇ ಜಾಗಕ್ಕೆ, ಸೊಪ್ಪಿನ ಸಾಲಿನ ಮುಂದಕ್ಕೆ ಬರಬೇಕು. ಹೋದ ಸಲಕ್ಕಿಂತ ಜೋರಾಗಿ ಬಡಿಯಬೇಕು. ಅಂಕಮ್ಮನಿಗೆ ಆರು ಮಕ್ಕಳು ಎಂದು ಸಾರಬೇಕು. ಕೂಗಿದ ಕೂಲಿ ನಾನು ಕೊಡುತ್ತೇನೆ.

ಇಂತಿ,
ಮದುವೆಗೆ ಮೊದಲೇ ತಮ್ಮ ದಯೆಯಿಂದ ತಂದೆಯಾಗಿ, ಈಗ ಆರನ್ನೂ ಎದುರು ಮನೆಗೆ ಕೊಟ್ಟು, ತಿಂಗಳ ಕೊನೆಯ ಬಸ್ಸನ್ನೇ ನೋಡುತ್ತಾ ಕೂತಿರುವ
ಕಲಾಯಿ ಮಜೀದ್