ಎಲ್ಲರೂ ಕಿವುಡರಾಗಿದ್ದ ಇಸ್ಪೀಟಿನ ಮೇಜು

ಜೂಜು ನಿಗ್ರಹ ವಿಶೇಷ ತಂಡದ ಮಾನ್ಯ ಅಧಿಕಾರಿಗಳೇ,

ಕಳೆದ ತಿಂಗಳು ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ತಾವು ಒಂದು ಕಂಪ್ಯೂಟರ್ ಕೇಂದ್ರಕ್ಕೆ ನುಗ್ಗಿ, ಅಲ್ಲಿದ್ದ ಎರಡೂ ಕಂಪ್ಯೂಟರುಗಳನ್ನೂ ಒಬ್ಬ ಜೂಜುಕೋರನನ್ನೂ ವಶಪಡಿಸಿಕೊಂಡಿರಿ. ಜೂಜುಕೋರನನ್ನು ಅದೇ ಸಂಜೆ ಬಿಟ್ಟುಬಿಟ್ಟಿರಿ. ಕಂಪ್ಯೂಟರುಗಳು ಇನ್ನೂ ತಮ್ಮಲ್ಲೇ ಇವೆ. ಆ ಜೂಜುಕೋರ ನಾನೇ. ಭತ್ತ ಮತ್ತು ಮೆಕ್ಕೆಜೋಳದ ಮಂಡಿ ನಡೆಸುವ ಮನೆತನದ ಹಿರಿಯ ಮಗ. ನಾನು ಆಡುತ್ತಿದ್ದುದು ಜೂಜಲ್ಲ ಎಂಬುದನ್ನೂ ತಾವು ಅಂದು ನಿಲ್ಲಿಸಿದ್ದು ಬೇರೆ ಏನನ್ನೋ ಎಂಬುದನ್ನೂ ತಿಳಿಸಲು ತಮ್ಮ ಕಚೇರಿಗೆ ಖುದ್ದಾಗಿ ಬಂದಿದ್ದೆ. ಬಾಗಿಲಲ್ಲಿದ್ದವರು ಏನೋ ಹೇಳಿದರು. "ದಯವಿಟ್ಟು ಬರೆದು ತೋರಿಸಿ" ಎಂದೆ. ಅವರು ಪಕ್ಕದವರ ಮುಖ ನೋಡಿ ನಕ್ಕು, ಹೋಗು ಎಂಬಂತೆ ಕೈ ಬೀಸಿದರು. ಹಾಗಾಗಿ ಈಗ ಊರವರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನನಗೆ ಕಿವಿ ಕೇಳುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ. ಎಂಟು ವರ್ಷಗಳ ಹಿಂದೆ ಮೆದುಳು ಜ್ವರ ಬಂತು, ಶಿವಮೊಗ್ಗದ ಆಸ್ಪತ್ರೆಯಲ್ಲಿ ಬದುಕಿಕೊಂಡೆ. ಕಣ್ಣು ಬಿಟ್ಟಾಗ ನೀಲಾಂಬಿಕ, ನನ್ನ ಹೆಂಡತಿ, ಎದುರಿಗೆ ನಿಂತು ಬಾಯಿ ಆಡಿಸುತ್ತಿದ್ದಳು. ಅತ್ತು ಅತ್ತು ಅವಳ ಗಂಟಲೇ ಕಟ್ಟಿಹೋಗಿದೆ ಎಂದುಕೊಂಡೆ. ನರವೇ ಸತ್ತಿದೆ, ಯಂತ್ರ ಹಾಕಿದರೂ ಪ್ರಯೋಜನವಿಲ್ಲ ಎಂದು ವೈದ್ಯರು ಚೀಟಿಯಲ್ಲಿ ಬರೆದು ತಿಳಿಸಿದರು. ನನ್ನ ಮಾತು ಮಾತ್ರ ಹಾಗೆಯೇ ಉಳಿದಿದೆ. ಸ್ವಲ್ಪ ಜೋರಾಗಿದೆಯಂತೆ, ನನಗೆ ತಿಳಿಯುವುದಿಲ್ಲ.

ಮಂಡಿಯ ವ್ಯಾಪಾರವೆಂದರೆ ಬಾಯಿಮಾತಿನ ವ್ಯಾಪಾರ. ರೈತ ಏನೆಂದ, ಲಾರಿಯವನು ಏನೆಂದ ಎಂದು ಕೇಳಿಸದವನು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಮಾಡುವುದೇನು? ನನ್ನ ತಮ್ಮ ರಾಜಕುಮಾರ್ ಅಲ್ಲಿ ಕೂತ, ನಾನು ಒಳಗೆ ಚೀಲಗಳ ಪಕ್ಕ ಕೂತೆ. ಅವನನ್ನು ದೂರುತ್ತಿಲ್ಲ. ಮನೆಯಲ್ಲಿ ಹತ್ತು ಜನ, ಯಾರೂ ನನ್ನನ್ನು ಕೀಳಾಗಿ ಕಂಡಿಲ್ಲ. ಊಟ, ಬಟ್ಟೆ, ಗೌರವ ಯಾವುದಕ್ಕೂ ಕೊರತೆಯಿಲ್ಲ. ಆದರೆ ಎಲ್ಲರೂ ಒಟ್ಟಿಗೆ ಕೂತಾಗ ಯಾರೋ ಏನೋ ಹೇಳುತ್ತಾರೆ, ಎಲ್ಲರೂ ನಗುತ್ತಾರೆ. ನಾನು ಏನೆಂದು ಕೇಳುತ್ತೇನೆ. "ಏನಿಲ್ಲ ಬಿಡ್ರಿ" ಎನ್ನುತ್ತಾರೆ. ಅಷ್ಟು ಹೊತ್ತು ನಕ್ಕಿದ್ದನ್ನು ಬರೆದು ತಿಳಿಸುವ ತಾಳ್ಮೆ ಯಾರಿಗಿರುತ್ತದೆ, ಹೇಳಿ. ತುಟಿ ನೋಡಿ ಮಾತು ತಿಳಿಯುವುದನ್ನು ನಾನು ಸರಿಯಾಗಿ ಕಲಿಯಲಿಲ್ಲ. 'ಏನಿಲ್ಲ' ಎಂಬ ಈ ಒಂದು ಮಾತನ್ನು ಮಾತ್ರ ಬೀದಿಯ ಆ ಬದಿಯಿಂದಲೂ ಗುರುತಿಸಬಲ್ಲೆ.

ಜ್ವರ ಬರುವ ಮುಂಚೆ ಸಂಜೆಗಳಲ್ಲಿ ನಾನು ಊರಿನ ಕ್ಲಬ್ಬಿಗೆ ಹೋಗಿ ಇಸ್ಪೀಟಿನ ಇಪ್ಪತ್ತೆಂಟು ಆಟ ಆಡುತ್ತಿದ್ದೆ. ಅಲ್ಲಿ ದುಡ್ಡು ಕಟ್ಟಿಯೇ ಆಡುತ್ತಾರೆ, ಇಂದಿಗೂ. ತಮ್ಮಂಥ ಖಾಕಿಯವರನ್ನೂ ಅಲ್ಲಿ ನೋಡಿದ್ದೇನೆ. ಹಿಡಿಯಲು ಬಂದಿರಲಿಲ್ಲ, ಎಲೆ ಹಾಕಲು ಬಂದಿದ್ದರು. ಆ ಆಟದಲ್ಲಿ ಎಷ್ಟು ಅಂಕ ಹೊಡೆಯುತ್ತೇವೆಂದು ಬಾಯಿಬಿಟ್ಟು ಹೇಳಬೇಕು, ಎದುರು ಕೂತ ಜೊತೆಗಾರ ಅದನ್ನು ಕೇಳಿಸಿಕೊಂಡು ಆಡಬೇಕು. ಜ್ವರದ ನಂತರ ನನ್ನ ಜೊತೆಗಾರ ಮಲ್ಲಿಕಾರ್ಜುನಪ್ಪನವರು ಕೆಲವು ದಿನ ಬೆರಳೆತ್ತಿ ತೋರಿಸಿದರು. ಉಳಿದವರು ಅದು ಕಳ್ಳ ಸನ್ನೆ ಎಂದು ತಗಾದೆ ತೆಗೆದರು. ಒಂದು ಸಂಜೆ ಹೋದಾಗ ನನ್ನ ಕುರ್ಚಿಯಲ್ಲಿ ಬೇರೆಯವರಿದ್ದರು. ಮಲ್ಲಿಕಾರ್ಜುನಪ್ಪನವರು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿ ಮನೆಗೆ ಬಂದೆ. ಬೇಗ ಬಂದದ್ದೇಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೂ ನನಗೆ ತಿಳಿಯುತ್ತಿರಲಿಲ್ಲ.

ಈಗ ಕಂಪ್ಯೂಟರ್ ಕೇಂದ್ರದ ವಿಷಯ. ಸೊರಬದ ಹೂವಪ್ಪನವರ ಮಗಳು ರಮ್ಯ, ಶಿವಮೊಗ್ಗದಲ್ಲಿ ಕಂಪ್ಯೂಟರ್ ಕಲಿತು ಬಂದವಳು, ಕಳೆದ ವರ್ಷ ಆ ಅಂಗಡಿ ತೆರೆದಳು. ಅರ್ಜಿ ಟೈಪು ಮಾಡಿಕೊಡುವುದು, ಕಾಲೇಜಿನವರಿಗೆ ಪಾಠ ಹೇಳುವುದು, ಟೆಲಿಫೋನ್ ತಂತಿಯಲ್ಲಿ ಶಿವಮೊಗ್ಗಕ್ಕೆ ಕರೆ ಮಾಡಿ ಇಂಟರ್ನೆಟ್ ತೋರಿಸುವುದು ಅವಳ ಕಸುಬು. ಮಂಡಿಯ ಪತ್ರವೊಂದನ್ನು ಟೈಪು ಮಾಡಿಸಲು ಹೋಗಿದ್ದೆ. ಕಿವಿ ಕೇಳಿಸುವುದಿಲ್ಲ ಎಂದೆ. ಎಲ್ಲರೂ ಮಾಡುವಂತೆ ಅವಳು ದನಿ ಎತ್ತಲಿಲ್ಲ. ಕೀಲಿಮಣೆ ಎಳೆದುಕೊಂಡು ಪರದೆಯ ಮೇಲೆ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಳು: "ಕೂತ್ಕಳಿ ಸಾರ್. ಎಂತ ಬರೀಬೇಕು ಹೇಳಿ, ಅನುಮಾನ ಬಂದ್ರೆ ಇಲ್ಲೇ ಕೇಳ್ತೀನಿ." ಪತ್ರ ಅರ್ಧ ಗಂಟೆಯಲ್ಲಿ ಮುಗಿಯಿತು. ನಾನು ಸಂಜೆಯವರೆಗೆ ಅಲ್ಲೇ ಇದ್ದೆ.

ಇಸ್ಪೀಟಿನ ಹುಚ್ಚಿತ್ತೆಂದು ಮಾತಿನ ನಡುವೆ ಹೇಳಿದ್ದಕ್ಕೆ ಅವಳೇ ಹುಡುಕಿ ತೋರಿಸಿದಳು. ಪೋಕರ್ ಎಂಬ ಆಟ. ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ, ಎರಡನ್ನೂ ಕೂಡಿಸಿ ಯಾರದು ದೊಡ್ಡದೋ ಅವರು ಗೆದ್ದಂತೆ. ಜಗತ್ತಿನ ಯಾವ್ಯಾವುದೋ ಮೂಲೆಯವರು ಒಂದೇ ಮೇಜಿಗೆ ಬಂದು ಕೂರುತ್ತಾರೆ. ಪಣ ಏರಿಸುವುದಿದ್ದರೆ, ಆಟ ಬಿಡುವುದಿದ್ದರೆ ಒಂದು ಗುಂಡಿ ಒತ್ತಬೇಕು, ಅಷ್ಟೇ. ಯಾರೂ ಬಾಯಿ ತೆರೆಯಬೇಕಿಲ್ಲ. ಹರಟೆ ಹೊಡೆಯುವುದಿದ್ದರೆ ಕೆಳಗೆ ಒಂದು ಚೌಕ, ಅಲ್ಲಿ ಟೈಪು ಮಾಡಬೇಕು. ಯೋಚಿಸಿ ಸ್ವಾಮಿ. ಆ ಮೇಜಿನಲ್ಲಿ ಎಲ್ಲರೂ ಕಿವುಡರೇ. ಯಾರಾದರೂ ತಮಾಷೆ ಮಾಡಿದರೆ ಅದು ನನ್ನ ಕಣ್ಣ ಮುಂದೆಯೇ ಅಕ್ಷರವಾಗಿ ಬೀಳುತ್ತಿತ್ತು. ಎಲ್ಲರೂ ನಕ್ಕಾಗ ಅವರ ಜೊತೆಗೇ ನಾನೂ ನಕ್ಕೆ, ಎಂಟು ವರ್ಷಗಳ ನಂತರ. ಅಷ್ಟು ಜೋರಾಗಿ ನಕ್ಕೆನಂತೆ, ಪಕ್ಕದ ಟೈಲರು ಇಣುಕಿ ನೋಡಿದರಂತೆ.

ಪಣದ ವಿಷಯಕ್ಕೆ ಬರೋಣ, ತಮಗೆ ಬೇಕಾದದ್ದು ಅದೇ ತಾನೆ. ಆಡಲು ಬಂದವರಿಗೆ ಆಟ ನಡೆಸುವವರೇ ದುಡ್ಡಿನ ಬದಲಿಗೆ ಒಂದಿಷ್ಟು ಬಿಲ್ಲೆಗಳನ್ನು ಪುಕ್ಕಟೆ ಕೊಡುತ್ತಾರೆ. ಸೋತರೆ ಮಾರನೆಯ ದಿನ ಮತ್ತೆ ಕೊಡುತ್ತಾರೆ. ಗೆದ್ದರೆ ಅದರಿಂದ ಒಂದು ಬೆಂಕಿಪೊಟ್ಟಣವೂ ಬರುವುದಿಲ್ಲ. ಅದರಲ್ಲೂ ನಾನು ಕೂರುತ್ತಿದ್ದುದು ಎಲ್ಲಕ್ಕಿಂತ ಕಡಿಮೆ ಬಿಲ್ಲೆ ಕಟ್ಟುವ ಮೇಜಿಗೆ, ಅಲ್ಲಿಯವರಿಗೆ ಗೆಲ್ಲುವ ಆತುರವಿರಲಿಲ್ಲ. ಕೇಂದ್ರದ ಮೇಜಿನ ಖಾನೆಯಲ್ಲಿದ್ದ ರಮ್ಯಳ ಟೈಪಿಂಗ್ ಸಂಪಾದನೆಯನ್ನು ತಾವು 'ಪಣಕ್ಕಿಟ್ಟ ಹಣ' ಎಂದು ಮಹಜರಿನಲ್ಲಿ ಬರೆಸಿದಿರಿ. ಅದೇ ಹೊತ್ತಿಗೆ ಬಸ್ ನಿಲ್ದಾಣದ ಬಾಗಿಲಲ್ಲಿ ಸರ್ಕಾರವೇ ಅಚ್ಚು ಹಾಕಿಸಿದ ಲಾಟರಿ ಚೀಟಿಗಳನ್ನು ಮೈಕು ಕಟ್ಟಿ ಮಾರುತ್ತಿದ್ದರು. ತಮ್ಮ ಜೀಪು ಅದರ ಪಕ್ಕದಲ್ಲೇ ನಿಂತಿತ್ತು. ಮೈಕಿನ ಸದ್ದು ನನಗೆ ಕೇಳಿಸದಿರುವುದಕ್ಕೆ ಕಾರಣವುಂಟು. ತಮಗೂ ಕೇಳಿಸಲಿಲ್ಲವೆ?

ಆ ಮೇಜಿನಲ್ಲಿ ಕೆನಡಾ ದೇಶದ ಒಬ್ಬ ಮುದುಕಿ ಇದ್ದರು. ನಿಜವಾದ ಹೆಸರು ಗೊತ್ತಿಲ್ಲ, ಅಲ್ಲಿ ಯಾರೂ ಹೇಳುವುದಿಲ್ಲ. 'ಗ್ರ್ಯಾನಿ ಪೈನ್' ಎಂದು ಇಟ್ಟುಕೊಂಡಿದ್ದರು. ನಾನು 'ಪಂಚು'. ಮಂಡಿಯಲ್ಲಿ ಬಿಡುವಾಗುವ ನಮ್ಮ ಮಧ್ಯಾಹ್ನ ಅವರಿಗೆ ನಸುಕು. ನಿದ್ದೆ ಬಾರದೆ ಎದ್ದು ಕೂರುತ್ತಿದ್ದರಂತೆ. ಹಿಮದ ಬಗ್ಗೆ, ಮೊಣಕಾಲು ನೋವಿನ ಬಗ್ಗೆ, ಫೋನು ಮಾಡದ ಮಗಳ ಬಗ್ಗೆ ಬರೆಯುತ್ತಿದ್ದರು. ನಾನು ನನ್ನ ಹರಕು ಇಂಗ್ಲಿಷಿನಲ್ಲಿ ಮೆಕ್ಕೆಜೋಳದ ಬಗ್ಗೆ, ತೊಗರ್ಸಿಯಲ್ಲಿರುವ ನಮ್ಮ ಮನೆದೇವರು ಮಲ್ಲಿಕಾರ್ಜುನನ ಬಗ್ಗೆ ಬರೆಯುತ್ತಿದ್ದೆ. ಒಮ್ಮೆ ಬಸ್ ನಿಲ್ದಾಣದ ಹಿಂದೆ ಕೂತಿದ್ದೇನೆ ಎಂದದ್ದಕ್ಕೆ "ಅಲ್ಲಿ ತುಂಬಾ ಗಲಾಟೆಯೆ?" ಎಂದು ಕೇಳಿದರು. "ಇಲ್ಲ, ಇಲ್ಲಿ ಬಹಳ ನಿಶ್ಶಬ್ದ" ಎಂದು ಬರೆದೆ. ಬರೆದ ಮೇಲೆ ಆ ಸಲದ ಆಟ ಬಿಟ್ಟೆ. ಮುಂದಿನ ಎಲೆ ಹಂಚುವಷ್ಟರಲ್ಲಿ ನಿಜ ಬರೆದೆ. ಅವರು ತಕ್ಷಣ ಬರೆದರು: "ಪುಣ್ಯವಂತ. ನನ್ನ ಗಂಡನ ಗೊರಕೆ ಕೇಳುವ ಕಿವಿ ನಿನಗಿಲ್ಲ." ನನ್ನ ಕಿವುಡುತನದ ಬಗ್ಗೆ ನನ್ನೊಡನೆಯೇ ತಮಾಷೆ ಮಾಡಿದ ಮೊದಲ ವ್ಯಕ್ತಿ ಆಕೆ. ಉಳಿದವರೆಲ್ಲ ಮರುಗಿದ್ದರು, ಇಲ್ಲವೇ ನನ್ನ ಬೆನ್ನ ಹಿಂದೆ ತಮಾಷೆ ಮಾಡಿದ್ದರು.

ತಾವು ಬಂದದ್ದು ಅಂಥದೇ ಒಂದು ಮಧ್ಯಾಹ್ನ. ನನ್ನ ಕೈಯಲ್ಲಿ ಎರಡು ರಾಣಿ. ಏರಿಸಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ನನ್ನ ಬೆನ್ನ ಹಿಂದೆ ನಡೆದ ಮಾತನ್ನು ರಮ್ಯ ಆಮೇಲೆ ಬರೆದುಕೊಟ್ಟಿದ್ದಾಳೆ, ಅವಳು ಬರೆದಂತೆಯೇ ಇಲ್ಲಿಡುತ್ತೇನೆ.

"ಏಯ್, ಏಳೋ ಮ್ಯಾಲೆ!" ಎಂದು ತಮ್ಮ ಕಡೆಯವರು ಕೂಗಿದರಂತೆ.

"ಅವ್ರಿಗೆ ಕಿವಿ ಕೇಳ್ಸದಿಲ್ಲ ಸಾರ್, ನಾ ಹೇಳ್ತೀನಿ ತಡೀರಿ" ಎಂದಳಂತೆ ರಮ್ಯ.

"ನಾಟ್ಕ ಮಾಡ್ತಾನ್ರೀ ಇವ. ನಮ್ಮನ್ನ ನೋಡಿದ್ ಕೂಡ್ಲೆ ಎಲ್ರಿಗೂ ಕಿವಿ ಹೋಗ್ತದ."

ಆಗ ಕತ್ತಿನ ಹಿಂದೆ ಏಟು ಬಿತ್ತು. ನನಗೆ ತಮ್ಮ ಆಗಮನ ತಿಳಿದದ್ದು ಹಾಗೆ. ತಿರುಗಿ ನೋಡಿದರೆ ನಾಲ್ಕೈದು ಬಾಯಿಗಳು ಒಟ್ಟಿಗೆ ಆಡುತ್ತಿದ್ದವು, ಒಂದೂ ತಿಳಿಯಲಿಲ್ಲ. ಒಬ್ಬರು ತಂತಿ ಕಿತ್ತರು. ಪರದೆ ಕಪ್ಪಾಯಿತು. ಸಂಜೆಯವರೆಗೆ ತಮ್ಮ ಬೆಂಚಿನ ಮೇಲೆ ಕೂರಿಸಿದಿರಿ. ತಾವು ಏನೇನು ಕೇಳಿದಿರೋ, ಉತ್ತರ ಬಾರದ್ದಕ್ಕೆ ಇನ್ನೊಮ್ಮೆ ಏಟು. ಕಂಪ್ಯೂಟರುಗಳ ಹಿಂದೆಯೇ ಅಲ್ಲಿಗೆ ಬಂದಿದ್ದ ರಮ್ಯ ತಡೆಯಲಾರದೆ ತನ್ನ ಅಂಗೈ ಮೇಲೆ ಪೆನ್ನಿನಿಂದ 'ಹೆಸರು ಕೇಳ್ತಿದಾರೆ' ಎಂದು ಬರೆದು ತೋರಿಸಿದಳು. ಅಧಿಕಾರಿಗಳೇ, ನನ್ನ ಹೆಸರು ಹೇಳಲು ನನಗೇನೂ ಸಂಕೋಚವಿರಲಿಲ್ಲ. ಕತ್ತಲಾಗುವ ಮುಂಚೆ ರಾಜಕುಮಾರ್ ಬಂದು ತಮ್ಮೊಡನೆ ಬಹಳ ಹೊತ್ತು ಮಾತಾಡಿದ. ಹೊರಗೆ ಬಂದ ಮೇಲೆ ಏನೆಂದರು ಎಂದು ಕೇಳಿದೆ. ಏನಿಲ್ಲ ಎಂದ.

ಮಾರನೆಯ ದಿನದಿಂದ ಊರಿನಲ್ಲಿ ಅದೇ ಸುದ್ದಿ. ಕಟ್ಟಡದ ಮಾಲೀಕರು ರಮ್ಯಳಿಂದ ಅಂಗಡಿ ಖಾಲಿ ಮಾಡಿಸಿದರು. ಮನೆಯಲ್ಲಿ ನೀಲಾಂಬಿಕ ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೆಯ ದಿನ ಹಳೆಯ ಕ್ಯಾಲೆಂಡರಿನ ಹಿಂಬದಿ ತಂದು, ಶಾಲೆ ಬಿಟ್ಟ ಮೇಲೆ ಬರೆದೇ ಗೊತ್ತಿಲ್ಲದ ಕೈಯಲ್ಲಿ, ನಿಧಾನವಾಗಿ ಬರೆದಳು: "ಅಲ್ಲಿ ಅಷ್ಟು ಏನ್ ಮಾತಾಡ್ತಿದ್ರಿ?" ನಾನು ಹೇಳಿದೆ. ಹಿಮ, ಮೊಣಕಾಲು, ಮಗಳು, ಎಲ್ಲ. ಅವಳು ಮತ್ತೆ ಬರೆದಳು: "ನನ್ ಕೂಡ ಯಾಕ ಮಾತಾಡ್ಲಿಲ್ಲ?" ಕೆಲವು ದಿನ ಸಂಜೆ ಹೊತ್ತು ಅವಳು ಕ್ಯಾಲೆಂಡರ್ ಹಿಡಿದು ಬಂದಳು. ಹತ್ತು ಜನರ ಅಡುಗೆ ಮುಗಿಸಿ ಬಂದವಳಿಗೆ ಎರಡು ಸಾಲು ಬರೆಯುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಆಮೇಲೆ ನಿಂತುಹೋಯಿತು. ನಾನೂ ಕರೆಯಲಿಲ್ಲ.

ರಮ್ಯಳನ್ನು ನೋಡಲು ಸೊರಬಕ್ಕೆ ಹೋದೆ. ಈಗ ಅವಳು ಅಲ್ಲಿಯ ಬಟ್ಟೆ ಅಂಗಡಿಯೊಂದರಲ್ಲಿ ನಿಲ್ಲುತ್ತಾಳೆ. ಭಾನುವಾರವಾದ್ದರಿಂದ ಮನೆಯಲ್ಲಿದ್ದಳು. ಹೂವಪ್ಪನವರು ಬಾಗಿಲಲ್ಲೇ ತಡೆದು ನಿಂತು ಬಹಳ ಹೊತ್ತು ಮಾತಾಡಿದರು. ಮುಖ ಕೆಂಪಾಗಿತ್ತು. "ನಿಮ್ಮಪ್ಪ ಹೇಳಿದ್ದನ್ನೆಲ್ಲ ಬರಿ, ಒಂದನ್ನೂ ಬಿಡಬೇಡ" ಎಂದೆ. ಅವಳು ತಂದೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಬರೆದಳು: "ಎಂತಕ್ಕೆ ಬಂದ್ರಿ ಮಾರಾಯ್ರೆ? ನೀವು ದೊಡ್ಡ ಮನೆಯವ್ರು, ನಿಮ್ಗೆ ನಾಳೆಗೆ ಮರ್ತು ಹೋಗ್ತದೆ. ನನ್ ಮಗಳನ್ನ ನೋಡಕ್ಕೆ ಬಂದ ಗಂಡಿನ ಕಡೆಯೋರು ಜೂಜಿನ ಅಡ್ಡೆ ಇಟ್ಕಂಡವ್ಳಂತೆ ಅಂತ ಕೇಳಿ ವಾಪಸ್ ಹೋದ್ರು. ಅದಕ್ಕೆ ಎಂತ ಹೇಳ್ತೀರಿ?" ಎಂಟು ವರ್ಷದಲ್ಲಿ ನನಗೆ ಯಾರೂ ಇಷ್ಟು ಪೂರ್ತಿಯಾಗಿ ಬೈದಿರಲಿಲ್ಲ. ಹೂವಪ್ಪನವರೇ ಕೊನೆಗೆ ಒಳಗೆ ಕರೆದು ಚಹಾ ಕೊಡಿಸಿದರು. ಹೊರಡುವಾಗ ರಮ್ಯ ಬರೆದಳು: "ಬೇಜಾರು ಮಾಡ್ಕಬೇಡಿ ಸಾರ್. ಮಿಷನ್ ಎರಡು ವಾಪಸ್ ಬಂದ್ರೆ ಮತ್ತೆ ಶುರು ಮಾಡ್ತೀನಿ. ಅಪ್ಪನಿಗೆ ನಾನು ಹೇಳ್ಕತೀನಿ."

ಈಗ ನನ್ನ ಬೇಡಿಕೆ ಕೇಳಿ. ಆ ಕಂಪ್ಯೂಟರುಗಳನ್ನು ರಮ್ಯಳಿಗೆ ಹಿಂದಿರುಗಿಸಿ. ಹಾಗೆಯೇ, ಆ ಕೇಂದ್ರದಲ್ಲಿ ಯಾವ ಜೂಜೂ ನಡೆದಿರಲಿಲ್ಲ ಎಂದು ತಮ್ಮ ಮೊಹರು ಹಾಕಿ ಒಂದು ಕಾಗದ ಕೊಡಿ, ಅವಳನ್ನು ನೋಡಲು ಬರುವವರಿಗೆ ಹೂವಪ್ಪನವರು ತೋರಿಸಲಿ. ಏಟಿಗೆ ನಾನು ಪರಿಹಾರ ಕೇಳುತ್ತಿಲ್ಲ. ತಮ್ಮ ಬೆಂಚಿನ ಪಕ್ಕ ಒಂದು ಸ್ಲೇಟು, ಒಂದು ಬಳಪ ಇಡಿ. ಮುಂದೆ ನನ್ನಂಥವನೊಬ್ಬ ಸಿಕ್ಕಿಬಿದ್ದರೆ ಹೊಡೆಯುವ ಮುಂಚೆ ಪ್ರಶ್ನೆಯನ್ನು ಬರೆದು ಕೇಳಿ. ತಪ್ಪಿತಸ್ಥನಾಗಿದ್ದರೆ ಅವನೇ ಒಪ್ಪಿಕೊಳ್ಳಬಹುದು.

ಕೆನಡಾದ ಆ ಹೆಂಗಸಿಗೆ ಬರೆಯೋಣವೆಂದರೆ ನನ್ನ ಬಳಿ ವಿಳಾಸವಿಲ್ಲ. ಪಂಚುವಿಗೆ ಏನಾಯಿತೋ ಎಂದು ಒಂದೆರಡು ನಸುಕು ಕೇಳಿರಬಹುದು, ಅಥವಾ ಹೇಳದೆ ಎದ್ದುಹೋದ ಒರಟ ಎಂದುಕೊಂಡು ಮರೆತಿರಬಹುದು. ನನಗೆ ಗೊತ್ತಿರುವುದು ತಮ್ಮ ವಿಳಾಸವೊಂದೇ, ಅದಕ್ಕೇ ಇಷ್ಟು ಉದ್ದ ಬರೆದೆ. ನಿನ್ನೆ ತಮ್ಮ ಕಚೇರಿಯಿಂದ ನನಗೊಂದು ನೋಟಿಸು ಬಂದಿದೆ. ಪ್ರಕರಣದ ವಿವರಗಳಿಗೆ ದೂರವಾಣಿಯ ಮೂಲಕವೇ ಸಂಪರ್ಕಿಸತಕ್ಕದ್ದು ಎಂದು ಅದರ ಕೊನೆಯಲ್ಲಿದೆ. ನಾನು ಫೋನು ಎತ್ತಿ ಕಿವಿಗಿಟ್ಟುಕೊಂಡು ತಮ್ಮ ಸಂಖ್ಯೆ ತಿರುಗಿಸಿದೆ. ಆ ಕಡೆ ಯಾರಾದರೂ ಎತ್ತಿದ್ದರೆ, ಜೋರಾಗಿ ತನ್ನ ಹೆಸರು, ಊರು ಹೇಳಿ "ನಿಮಗೆ ಕೇಳಿಸುತ್ತಿದೆಯೆ?" ಎಂದು ಮತ್ತೆ ಮತ್ತೆ ಕೇಳಿದವನು ನಾನೇ.

ಇಂತಿ,
ಈ ಮಧ್ಯಾಹ್ನವೂ ಬಿಡುವಾಗಿಯೇ ಇರುವ
ಪಂಚಾಕ್ಷರಪ್ಪ
ಶಿಕಾರಿಪುರ, ನವೆಂಬರ್ 1999